ಪ್ಲಾಸ್ಟರ್ ಬಿಚ್ಚಿದ ಕೈ, ಜೊತೆಗೆ ಬಂದ ಎಕ್ಸ್‌ರೇ: ಥೆರಪಿಸ್ಟ್ ಏನು ನೋಡಬೇಕು?

ಪ್ರಶ್ನೆ: ನಾನು ಸಕಲೇಶಪುರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಕಾಲೇಜು ಮುಗಿಸಿ ಎರಡು ವರ್ಷವಾಯಿತು. ಕೈ ಮುರಿದವರು ಹಾಸನದಲ್ಲೋ ಮಂಗಳೂರಿನಲ್ಲೋ ತೋರಿಸಿಕೊಂಡು, ಪ್ಲಾಸ್ಟರ್ ಬಿಚ್ಚಿಸಿದ ಮೇಲೆ ದೊಡ್ಡ ಕವರಿನಲ್ಲಿ ಫಿಲ್ಮ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಚೀಟಿಯಲ್ಲಿ ‘ಫಿಸಿಯೋ ಮಾಡಿಸಿ’ ಎಂದಷ್ಟೇ ಇರುತ್ತದೆ, ರಿಪೋರ್ಟ್ ಇರುವುದಿಲ್ಲ. ಈ ವಾರ ಬಂದವರು 54 ವರ್ಷದ ಹೆಂಗಸು. ಎಸ್ಟೇಟ್ ಕೆಲಸದವರು, ಅಂಗಳದ ಪಾಚಿಯಲ್ಲಿ ಜಾರಿ ಅಂಗೈ ಊರಿ ಬಿದ್ದಿದ್ದಾರೆ. ಆರು ವಾರ ಪ್ಲಾಸ್ಟರ್ ಇತ್ತು. ಮಣಿಕಟ್ಟಿನ ಫಿಲ್ಮಿನಲ್ಲಿ ಮುರಿತದ ಗೆರೆ ಇನ್ನೂ ಕಾಣುತ್ತಿದೆ. ಬೆರಳುಗಳು ಊದಿವೆ, ಮುಷ್ಟಿ ಕಟ್ಟಲು ಆಗುತ್ತಿಲ್ಲ. ಗೆರೆ ಮಾಯುವವರೆಗೆ ಕಾಯಲೇ, ಈಗಲೇ ಶುರು ಮಾಡಲೇ? ಕೈಯ ಎಕ್ಸ್‌ರೇ ನೋಡುವುದನ್ನು ನನ್ನಂಥವರು ಎಲ್ಲಿಂದ ಕಲಿಯಬೇಕು?

ಉತ್ತರ: ಮೊದಲು ಆ ಹೆಂಗಸಿನ ವಿಷಯ ಮುಗಿಸೋಣ, ಏಕೆಂದರೆ ನಾಳೆಯೂ ಅವರು ನಿಮ್ಮ ಮುಂದೆ ಕೂರುತ್ತಾರೆ. ಬೆರಳುಗಳ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ. ಮುರಿದಿರುವುದು ರೇಡಿಯಸ್ಸಿನ, ಅಂದರೆ ಮುಂಗೈಯಲ್ಲಿ ಹೆಬ್ಬೆರಳ ಕಡೆಯ ಮೂಳೆಯ, ತುದಿ. ಬೆರಳು ಮಡಚಿದರೆ ಅದಕ್ಕೇನೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಪ್ಲಾಸ್ಟರ್ ಹಾಕಿದ ದಿನದಿಂದಲೇ ಅವರು ಬೆರಳು ಆಡಿಸುತ್ತಿರಬೇಕಿತ್ತು. ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ, ಅಥವಾ ಹೇಳಿದರೂ ನೋವಿನ ನಡುವೆ ಕಿವಿಗೆ ಬಿದ್ದಿರಲಿಕ್ಕಿಲ್ಲ. ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳುವುದು, ಗಂಟೆಗೊಮ್ಮೆ ಪೂರ್ತಿ ಮಡಚಿ ಪೂರ್ತಿ ಬಿಚ್ಚುವುದು, ಭುಜ ಮೊಣಕೈಗಳನ್ನೂ ಆಡಿಸುವುದು ಇವತ್ತಿನಿಂದಲೇ ನಡೆಯಲಿ. ಮಣಿಕಟ್ಟನ್ನು ಅವರು ತಮ್ಮ ಸ್ವಂತ ಬಲದಿಂದ ಆಡಿಸಲಿ. ನಿಮ್ಮ ಕೈಯಿಂದ ಒತ್ತಿ ಬಗ್ಗಿಸುವುದು ಈಗ ಬೇಡ.

ಗೆರೆ ಕಾಣುತ್ತದೆ ಎಂಬುದು ನಿಮ್ಮನ್ನು ಹೆದರಿಸಿದೆ. ಮೂಳೆ ಕೂಡಿಕೊಳ್ಳುವುದು ಒಂದು, ಕೂಡಿಕೊಂಡದ್ದು ಫಿಲ್ಮಿನಲ್ಲಿ ಕಾಣುವುದು ಇನ್ನೊಂದು. ಎರಡನೆಯದು ಯಾವಾಗಲೂ ಹಿಂದೆ ಬೀಳುತ್ತದೆ. ಮುರಿದ ಎರಡು ಮೂರು ವಾರಕ್ಕೆ ತುದಿಗಳಲ್ಲಿದ್ದ ಸತ್ತ ಮೂಳೆ ಕರಗುವುದರಿಂದ ಗೆರೆ ಮೊದಲಿಗಿಂತ ಅಗಲವಾಗಿಯೂ ಕಾಣಬಹುದು. ಹೊಸಬರು ಅದನ್ನು ನೋಡಿ ‘ಬಿಟ್ಟುಕೊಂಡಿದೆ’ ಎಂದುಕೊಳ್ಳುತ್ತಾರೆ. ರೇಡಿಯಸ್ಸಿನ ತುದಿ ಸ್ಪಂಜಿನಂಥ ಮೂಳೆ. ಅಲ್ಲಿ ತೊಡೆಮೂಳೆಯಂತೆ ಗಂಟು ಕಟ್ಟಿದ ಕ್ಯಾಲಸ್ (ಮುರಿತವನ್ನು ಬೆಸೆಯುವ ಹೊಸ ಮೂಳೆ) ಹೆಚ್ಚಾಗಿ ಕಾಣಿಸುವುದಿಲ್ಲ. ಗೆರೆಯ ಅಂಚು ಮಸುಕಾಗುತ್ತಾ ಹೋಗಿ, ಅಲ್ಲೊಂದು ಬಿಳಿಯ ಪಟ್ಟಿ ಮೂಡುತ್ತದೆ. ಬೆರಳಿನ ಮೂಳೆಗಳಲ್ಲಂತೂ ಮೂರು ನಾಲ್ಕು ವಾರಕ್ಕೆ ಒತ್ತಿದರೆ ನೋಯದಷ್ಟು ಗಟ್ಟಿಯಾದ ಮೇಲೂ ಗೆರೆ ತಿಂಗಳುಗಟ್ಟಲೆ ಉಳಿದಿರುತ್ತದೆ. ಗೆರೆ ಹೋಗಲಿ ಎಂದು ಕಾದರೆ ಮೂಳೆ ಚೆನ್ನಾಗಿ ಕೂಡುತ್ತದೆ, ಅದರ ಮೇಲೆ ಹಾದುಹೋಗುವ ಸ್ನಾಯುರಜ್ಜು ಅಂಟಿಕೊಂಡು ಬೆರಳು ಕೋಲಾಗುತ್ತದೆ. ಅಂಥ ಬೆರಳುಗಳನ್ನು ನಾನು ತುಂಬಾ ನೋಡಿದ್ದೇನೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಡಾಕ್ಟರು ಆ ಫಿಲ್ಮ್ ನೋಡಿದಾಗ ಅವರ ಮುಂದಿದ್ದ ಪ್ರಶ್ನೆ ಯಾವ ಮೂಳೆ ಮುರಿದಿದೆ, ಆಪರೇಷನ್ ಬೇಕೋ ಬೇಡವೋ ಎಂಬುದು. ಅದಕ್ಕೆ ಉತ್ತರ ಸಿಕ್ಕಾಗಿದೆ. ನಮ್ಮ ಪ್ರಶ್ನೆ ಬೇರೆ: ಮೂಳೆ ಯಾವ ಕೋನದಲ್ಲಿ ಕೂಡಿಕೊಂಡಿದೆ, ಇವತ್ತು ಎಷ್ಟು ಭಾರ ತಡೆಯುತ್ತದೆ, ಈ ಕೀಲು ಬಗ್ಗದಿರುವುದು ಮೂಳೆ ಅಡ್ಡ ಬಂದದ್ದಕ್ಕೋ ಅಥವಾ ಚರ್ಮ, ರಜ್ಜು, ಕೀಲಿನ ಚೀಲ ಬಿಗಿದದ್ದಕ್ಕೋ. ಕೊನೆಯದನ್ನು ನಾನು ಕಲಿತದ್ದು ಒಬ್ಬರಿಗೆ ನೋವು ಕೊಟ್ಟು. ಹಾಸನದಲ್ಲಿ ಕೆಲಸ ಶುರು ಮಾಡಿದ ಹೊಸದರಲ್ಲಿ, ಕಾಲೀಸ್ ಮುರಿತ (ರೇಡಿಯಸ್ಸಿನ ತುದಿ ಮುರಿದು ಕೈಬೆನ್ನಿನ ಕಡೆಗೆ ವಾಲುವುದು) ಕೂಡಿದ್ದ ಅರವತ್ತರ ತಾಯಿಯೊಬ್ಬರ ಮಣಿಕಟ್ಟನ್ನು ಅಂಗೈ ಕಡೆಗೆ ಬಗ್ಗಿಸಲು ವಾರಗಟ್ಟಲೆ ಪ್ರಯತ್ನಿಸಿದೆ. ಮೇಣದ ಶಾಖ ಕೊಟ್ಟು ಒತ್ತುತ್ತಿದ್ದೆ, ಅವರು ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದರು. ‘ಮನೆಯಲ್ಲಿ ಸರಿಯಾಗಿ ಮಾಡುತ್ತಿಲ್ಲ’ ಎಂದು ಗದರಿದ್ದೂ ಉಂಟು. ಕವರಿನಲ್ಲೇ ಇದ್ದ ಪಕ್ಕದ ನೋಟದ ಫಿಲ್ಮನ್ನು ನಾನು ತೆಗೆದು ನೋಡಿರಲೇ ಇಲ್ಲ. ಹಿರಿಯರೊಬ್ಬರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು: ರೇಡಿಯಸ್ಸಿನ ಕೀಲುಮುಖ ಕೈಬೆನ್ನಿನ ಕಡೆಗೆ ಇಪ್ಪತ್ತು ಡಿಗ್ರಿಗೂ ಹೆಚ್ಚು ವಾಲಿ ಕೂಡಿಕೊಂಡಿತ್ತು. ನಾನು ಒತ್ತುತ್ತಿದ್ದುದು ಮೂಳೆಯನ್ನು. ಆಕೆ ಆ ವಾರಗಳಷ್ಟೂ ಅದು ತನ್ನ ತಪ್ಪೆಂದೇ ನಂಬಿದ್ದರು.

ಆ ಲೆಕ್ಕವನ್ನು ನೀವು ಇವತ್ತೇ ಕಲಿಯಿರಿ. ಪಕ್ಕದ ನೋಟದಲ್ಲಿ ರೇಡಿಯಸ್ಸಿನ ಕಾಂಡದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ, ಅದಕ್ಕೆ ಲಂಬವಾಗಿ ಇನ್ನೊಂದು. ಕೀಲುಮುಖದ ಮುಂದಿನ ತುಟಿಗೂ ಹಿಂದಿನ ತುಟಿಗೂ ಸೇರಿಸಿ ಮೂರನೆಯದು. ಎರಡನೆಯ ಮೂರನೆಯ ಗೆರೆಗಳ ನಡುವಿನ ಕೋನ ಸಾಮಾನ್ಯ ಕೈಯಲ್ಲಿ ಅಂಗೈ ಕಡೆಗೆ ಸುಮಾರು 11 ಡಿಗ್ರಿ. ಅದೇ ಕೀಲುಮುಖ ಕೈಬೆನ್ನಿನ ಕಡೆಗೆ 20 ಡಿಗ್ರಿ ವಾಲಿದ್ದರೆ ಒಟ್ಟು ಬದಲಾವಣೆ 31. ಸುಮಾರು ಅಷ್ಟೇ ಚಲನೆ ಅಂಗೈ ಕಡೆಯಿಂದ ಹೋಗಿ, ಹಿಂದಕ್ಕೆ ಬಗ್ಗುವ ಕಡೆ ಸೇರಿದಂತೆ ಕಾಣುತ್ತದೆ. ಕೀಲಿನ ಒಟ್ಟು ಓಟ ಇದ್ದಷ್ಟೇ ಇರಬಹುದು, ಜಾಗ ಮಾತ್ರ ಪಲ್ಲಟವಾಗಿದೆ. ಇದು ಗೊತ್ತಾದರೆ ನೀವು ಗುರಿ ಇಡುವ ರೀತಿಯೇ ಬದಲಾಗುತ್ತದೆ, ರೋಗಿಗೆ ಹೇಳುವ ಮಾತೂ ಬದಲಾಗುತ್ತದೆ.

ಎದುರಿನ ನೋಟದಲ್ಲಿ ಎರಡು ಅಳತೆ ಸಾಕು. ರೇಡಿಯಸ್ಸಿನ ತುದಿ ಹೆಬ್ಬೆರಳ ಕಡೆಯಿಂದ ಕಿರುಬೆರಳ ಕಡೆಗೆ ಇಳಿಜಾರಾಗಿರಬೇಕು, ಸುಮಾರು 22 ಡಿಗ್ರಿ. ಎರಡನೆಯದು ಅಲ್ನಾದ, ಅಂದರೆ ಮುಂಗೈಯಲ್ಲಿ ಕಿರುಬೆರಳ ಕಡೆಯ ಮೂಳೆಯ, ಎತ್ತರ: ರೇಡಿಯಸ್ಸಿನ ಕೀಲುಮುಖದ ಒಳ ಅಂಚಿಗೂ ಅಲ್ನಾದ ತಲೆಗೂ ಸಾಮಾನ್ಯವಾಗಿ ಹೆಚ್ಚುಕಡಿಮೆ ಸಮಮಟ್ಟ. ರೇಡಿಯಸ್ ಕುಸಿದು ಗಿಡ್ಡವಾದರೆ ಅಲ್ನಾ ಮುಂದೆ ಚಾಚಿಕೊಳ್ಳುತ್ತದೆ. ಸಾಮಾನ್ಯ ಕೈಯಲ್ಲಿ ಮಣಿಕಟ್ಟಿನ ಭಾರದ ನೂರಕ್ಕೆ ಸುಮಾರು 80 ಭಾಗ ರೇಡಿಯಸ್ ಹೊರುತ್ತದೆ, 20 ಅಲ್ನಾ. ಅಲ್ನಾ ಬರೀ 2.5 ಮಿಲಿಮೀಟರ್ ಉದ್ದವಾದರೂ ಅದರ ಪಾಲು 40 ದಾಟುತ್ತದೆ ಎಂದು ಪ್ರಯೋಗಾಲಯದ ಅಳತೆಗಳು ತೋರಿಸಿವೆ. ಅಂಥವರು ಬಂದು ಹೇಳುವುದು ಒಂದೇ ಮಾತು: ‘ಬಟ್ಟೆ ಹಿಂಡಿದರೆ ಕಿರುಬೆರಳ ಕಡೆ ಚುಚ್ಚುತ್ತದೆ, ಮುದ್ದೆ ತಿರುವೋಕೆ ಆಗಲ್ಲ.’ ನಮ್ಮ ಕಡೆಯ ಅಡುಗೆಮನೆಯಲ್ಲಿ ಮುದ್ದೆ ಕೋಲು ಹಿಡಿದು ಗಟ್ಟಿ ಹಿಟ್ಟು ತಿರುವುವುದಕ್ಕಿಂತ ಕಠಿಣವಾದ ಮಣಿಕಟ್ಟಿನ ಪರೀಕ್ಷೆ ನನಗೆ ಗೊತ್ತಿಲ್ಲ. ಬಿಗಿ ಹಿಡಿತವೂ ತಿರುಚುವಿಕೆಯೂ ಒಟ್ಟಿಗೆ ಬರುತ್ತವೆ. ಆ ನೋವನ್ನು ಸ್ನಾಯು ದೌರ್ಬಲ್ಯವೆಂದು ತಿಳಿದು ಡಂಬೆಲ್ ಕೊಟ್ಟರೆ ಹೆಚ್ಚಾಗುತ್ತದೆ.

ಮೂರು ಮಿಲಿಮೀಟರಿಗಿಂತ ಹೆಚ್ಚು ಕುಸಿತ, ಕೈಬೆನ್ನಿನ ಕಡೆಗೆ 10 ಡಿಗ್ರಿಗಿಂತ ಹೆಚ್ಚು ವಾಲು, ಕೀಲುಮುಖದಲ್ಲಿ 2 ಮಿಲಿಮೀಟರಿಗಿಂತ ಹೆಚ್ಚಿನ ಮೆಟ್ಟಿಲು ಇದ್ದರೆ ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಆಪರೇಷನ್ ಬಗ್ಗೆ ಯೋಚಿಸುತ್ತಾರೆ. ವಯಸ್ಸಾದವರಲ್ಲಿ, ಕೈಗೆ ಹೆಚ್ಚು ಕೆಲಸವಿಲ್ಲದವರಲ್ಲಿ ಇದಕ್ಕಿಂತ ಹೆಚ್ಚನ್ನೂ ಒಪ್ಪುತ್ತಾರೆ. ಹಾಗಾಗಿ ವಾಲಿರುವ ಮೂಳೆ ಕಂಡ ತಕ್ಷಣ ರೋಗಿಯ ಮುಂದೆ ‘ತಪ್ಪಾಗಿ ಕೂಡಿಸಿದ್ದಾರೆ’ ಎನ್ನಬೇಡಿ. ಅದು ಯೋಚಿಸಿಯೇ ತೆಗೆದುಕೊಂಡ ತೀರ್ಮಾನ ಇರಬಹುದು. ಮೂಳೆಯ ಬಗ್ಗೆ ಅಂತಿಮ ಮಾತು ರೇಡಿಯಾಲಜಿಸ್ಟ್ ಮತ್ತು ಶಸ್ತ್ರಚಿಕಿತ್ಸಕರದ್ದು.

ಇಷ್ಟೆಲ್ಲ ಅಳೆಯುವ ಮುಂಚೆ ಫಿಲ್ಮ್ ಅಳತೆಗೆ ಯೋಗ್ಯವೇ ನೋಡಿ. ಹೆಸರು, ತಾರೀಖು, ಎಡ ಬಲದ ಗುರುತು. ಒಂದೇ ನೋಟ ಇದ್ದರೆ ಏನನ್ನೂ ನಂಬಬೇಡಿ, ಎದುರಿನಿಂದ ನೆಟ್ಟಗೆ ಕಾಣುವ ಮೂಳೆ ಪಕ್ಕದಿಂದ ಬಹಳ ಬಾಗಿರಬಹುದು. ಪಕ್ಕದ ನೋಟ ನಿಜವಾಗಿ ಪಕ್ಕದಿಂದಲೇ ತೆಗೆದದ್ದೇ ಎಂಬುದಕ್ಕೆ ಪಿಸಿಫಾರ್ಮ್ ಎಂಬ ಅವರೆಕಾಳಿನಷ್ಟು ಮೂಳೆಯೇ ಸಾಕ್ಷಿ: ಅದರ ಮುಂದಿನ ಅಂಚು, ಮಣಿಕಟ್ಟಿನದೇ ಚಿಕ್ಕ ಮೂಳೆಗಳಾದ ಸ್ಕಾಫಾಯ್ಡ್ ತುದಿಯ ಮತ್ತು ಕ್ಯಾಪಿಟೇಟಿನ ಮುಂದಿನ ಅಂಚುಗಳ ನಡುವೆ ಬೀಳಬೇಕು. ಹಾಗಿಲ್ಲದಿದ್ದರೆ ಕೈ ತಿರುಗಿದೆ, ನಿಮ್ಮ 11 ಡಿಗ್ರಿಗೆ ಬೆಲೆಯಿಲ್ಲ. ಮುಂಗೈ ಒಳಕ್ಕೆ ತಿರುಗಿಸಿ ತೆಗೆದರೆ ಅಲ್ನಾ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಈಗಿನ ಡಿಜಿಟಲ್ ಫಿಲ್ಮುಗಳಲ್ಲಿ ಒಂದೇ ಹಾಳೆಗೆ ನಾಲ್ಕು ಚಿತ್ರ ಹಿಡಿಸಲು ಅಳತೆ ಕಿರಿದು ಮಾಡಿರುತ್ತಾರೆ. ಅಂಚಿನಲ್ಲಿ ಅಳತೆಪಟ್ಟಿ ಇದ್ದರೆ ಅದರ ಪ್ರಕಾರ ಲೆಕ್ಕ ಹಾಕಿ, ಇಲ್ಲದಿದ್ದರೆ ಕೋನಗಳನ್ನು ನಂಬಿ, ಮಿಲಿಮೀಟರುಗಳನ್ನು ಬಿಡಿ. ವಾಟ್ಸ್ಆ್ಯಪ್ ಫೋಟೋಗಳಿಗೂ ಇದೇ ಮಾತು. ಓರೆಯಾಗಿ ಹಿಡಿದು ತೆಗೆದ ಫೋಟೋದಲ್ಲಿ ಕೋನವೂ ಕೆಡುತ್ತದೆ, ಕೆಲವೊಮ್ಮೆ ಎಡ ಬಲವೇ ಅದಲುಬದಲಾಗಿರುತ್ತದೆ. ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟೂ ಇಲ್ಲ, ಕಿಟಕಿಯಲ್ಲಿ ಬೆಳಕೂ ಇಲ್ಲ ಎನ್ನುವ ದಿನಗಳೇ ಹೆಚ್ಚು. ಮೊಬೈಲ್ ಟಾರ್ಚಿಗಿಂತ ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು ಅದರ ಮುಂದೆ ಫಿಲ್ಮ್ ಹಿಡಿಯಿರಿ, ಬೆಳಕು ಸಮವಾಗಿರುತ್ತದೆ.

ಮಣಿಕಟ್ಟಿನ ಎಂಟು ಚಿಕ್ಕ ಮೂಳೆಗಳನ್ನು ಕಂಡು ಎಲ್ಲರೂ ಗಾಬರಿಯಾಗುತ್ತಾರೆ. ಎದುರಿನ ನೋಟದಲ್ಲಿ ಮೂರು ಕಮಾನುಗಳನ್ನು ಮನಸ್ಸಿನಲ್ಲಿ ಎಳೆಯಿರಿ: ಮುಂಗೈ ಕಡೆಯ ಸಾಲಿನ ಮೂಳೆಗಳ ಮುಂಗೈ ಕಡೆಯ ಅಂಚು, ಅದೇ ಸಾಲಿನ ಬೆರಳ ಕಡೆಯ ಅಂಚು, ಆಮೇಲೆ ಕ್ಯಾಪಿಟೇಟ್ ಮತ್ತು ಹ್ಯಾಮೇಟ್ ತಲೆಗಳ ಅಂಚು. ಗಿಲುಲಾ ಕಮಾನುಗಳು ಎನ್ನುತ್ತಾರೆ. ಎಲ್ಲಾದರೂ ಮುರಿದು ಮೆಟ್ಟಿಲಾದರೆ ಅಲ್ಲಿ ನಿಲ್ಲಿ. ಸ್ಕಾಫಾಯ್ಡ್ ಮತ್ತು ಲ್ಯುನೇಟ್ ನಡುವಿನ ಸಂದು 3 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅವನ್ನು ಹಿಡಿದ ಅಸ್ಥಿರಜ್ಜು ಹರಿದಿರುವ ಸಾಧ್ಯತೆ ಇದೆ. ಪಕ್ಕದ ನೋಟದಲ್ಲಿ ರೇಡಿಯಸ್ ಬಟ್ಟಲು, ಅದರಲ್ಲಿ ಲ್ಯುನೇಟ್, ಅದರ ಬಟ್ಟಲಿನಲ್ಲಿ ಕ್ಯಾಪಿಟೇಟ್ ಒಂದೇ ಸಾಲಿನಲ್ಲಿ ಕೂತಿರಬೇಕು, ತಟ್ಟೆಯ ಮೇಲೆ ಲೋಟ ಇಟ್ಟಂತೆ. ಲೋಟ ಅಂಗೈ ಕಡೆಗೆ ಮಗುಚಿ ಚೆಲ್ಲಿದಂತೆ ಕಂಡರೆ ವ್ಯಾಯಾಮ ಬಿಟ್ಟು ಅವತ್ತೇ ಫೋನ್ ಮಾಡಿ.

ಸ್ಕಾಫಾಯ್ಡ್ ವಿಷಯದಲ್ಲಿ ಮಾತ್ರ ಮೇಲೆ ಹೇಳಿದ ಧೈರ್ಯವನ್ನೆಲ್ಲ ಹಿಂತೆಗೆದುಕೊಳ್ಳಿ. ಅಂಗೈ ಊರಿ ಬಿದ್ದವರಲ್ಲಿ ಮುರಿಯುವ ಮೂಳೆಗಳಲ್ಲಿ ಇದೂ ಒಂದು, ಆದರೆ ಮೊದಲ ದಿನದ ಫಿಲ್ಮಿನಲ್ಲಿ ಕಾಣದೇ ಇರಬಹುದು. ಅದಕ್ಕೇ 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಸುತ್ತಾರೆ. ಇದಕ್ಕೆ ರಕ್ತ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಒಳಗೆ ಹೋಗಿ ಹಿಂದಕ್ಕೆ ಹರಿಯುತ್ತದೆ; ನಡುವೆ ಮುರಿದರೆ ಮುಂಗೈ ಕಡೆಯ ತುಂಡು ಬಾಯಾರಿ ಸಾಯಬಹುದು. ಮೈಯೆಲ್ಲ ಮೃದ್ವಸ್ಥಿ ಮುಚ್ಚಿರುವುದರಿಂದ ಕ್ಯಾಲಸ್ ಕಾಣುವುದಿಲ್ಲ, ಕೂಡಿದೆಯೇ ಎಂದು ಸಾದಾ ಎಕ್ಸ್‌ರೇಯಲ್ಲಿ ಹೇಳುವುದೂ ಕಷ್ಟ, ಸಿಟಿ ಬೇಕಾಗುತ್ತದೆ. ‘ಉಳುಕು’ ಎಂದು ಬಂದ ಹುಡುಗನ ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದಾಗ ಚೀರಿದರೆ, ಫಿಲ್ಮ್ ಎಷ್ಟೇ ಚೆನ್ನಾಗಿರಲಿ, ಆಡಿಸಬೇಡಿ. ಕಟ್ಟು ಹಾಕಿ ವಾಪಸ್ ಕಳಿಸಿ. ಮೆಣಸು ಕುಯ್ಲಿನಲ್ಲಿ ಸಿಲ್ವರ್ ಓಕ್ ಮರದಿಂದ, ಏಣಿಯಿಂದ ಬಿದ್ದು ಬರುವ ಯುವಕರಲ್ಲಿ ಇದನ್ನು ನೆನಪಿಡಿ. ಅವರು ಬೆನ್ನುನೋವು, ಹಿಮ್ಮಡಿ ನೋವು ಹೇಳುತ್ತಾರೆ, ಕೈಯ ಮಾತೇ ಎತ್ತುವುದಿಲ್ಲ.

ಬೆರಳು, ಅಂಗೈ ಮೂಳೆಗಳಲ್ಲಿ ಫಿಲ್ಮ್ ಮುಚ್ಚಿಡುವ ದೋಷ ಒಂದಿದೆ, ತಿರುಚು. ಕಿರುಬೆರಳ ಬುಡದ ಅಂಗೈ ಮೂಳೆಯ ಕುತ್ತಿಗೆ ಮುರಿದು ಮುಂದಕ್ಕೆ 40 ಡಿಗ್ರಿಯಷ್ಟು ಬಾಗಿದ್ದರೂ ಕೈ ಕೆಲಸ ನಡೆಯುತ್ತದೆ, ಏಕೆಂದರೆ ಆ ಮೂಳೆಯ ಬುಡದ ಕೀಲು ಸಡಿಲ. ತೋರುಬೆರಳ ಮೂಳೆಯಲ್ಲಿ 10-15 ಡಿಗ್ರಿ ದಾಟಿದರೆ ಹೆಚ್ಚೇ. ತಿರುಚು ಮಾತ್ರ ಯಾವ ಬೆರಳಿಗೂ ಸಹ್ಯವಲ್ಲ, ಮುಷ್ಟಿ ಕಟ್ಟಿದಾಗ ಒಂದು ಬೆರಳು ಇನ್ನೊಂದರ ಮೇಲೆ ಹತ್ತುತ್ತದೆ. ಬೆರಳುಗಳನ್ನು ಒಂದೊಂದಾಗಿ ಮಡಚಿಸಿ, ಎಲ್ಲವೂ ಹೆಬ್ಬೆರಳ ಬುಡದ ಸ್ಕಾಫಾಯ್ಡ್ ಉಬ್ಬಿನ ಕಡೆಗೇ ಮುಖ ಮಾಡಬೇಕು. ಇದನ್ನು ಮೊದಲು ಕಂಡುಹಿಡಿಯುವವರು ಬಹಳ ಸಲ ನಾವೇ, ಏಕೆಂದರೆ ಮುಷ್ಟಿ ಕಟ್ಟಿಸುವವರು ನಾವು. ಬೆರಳ ನಡುಗೀಲಿನ ಏಟಿಗೆ ಆ ಬೆರಳೊಂದರದೇ ಪಕ್ಕದ ನೋಟ ಕೇಳಿ. ಇಡೀ ಕೈಯ ಫಿಲ್ಮಿನಲ್ಲಿ ಬೆರಳುಗಳು ಒಂದರ ಮೇಲೊಂದು ಬಿದ್ದು ಕೀಲು ಜಾರಿರುವುದು ಮುಚ್ಚಿಹೋಗುತ್ತದೆ.

ಮೊಣಕೈ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ ಮಕ್ಕಳು ಸೀಬೆ ಮರದಿಂದ ಬಿದ್ದರೆ ಇವತ್ತಿಗೂ ಮೊದಲು ಎಣ್ಣೆ ನೀವಿಸಿ ಕಟ್ಟಿಸುವವರಿದ್ದಾರೆ. ಏಟು ತಿಂದ ಮೊಣಕೈಯನ್ನು ತಿಕ್ಕಿ, ಎಳೆದು ಬಿಟ್ಟರೆ ಸ್ನಾಯುವಿನೊಳಗೇ ಮೂಳೆ ಬೆಳೆಯಬಹುದು. ಮೂರು ನಾಲ್ಕು ವಾರದ ಹೊತ್ತಿಗೆ ಫಿಲ್ಮಿನಲ್ಲಿ ಕೀಲಿನ ಮುಂದೆ ಮೋಡದಂತೆ ಬಿಳಿ ಮಸುಕು ಕಾಣುತ್ತದೆ. ಅದನ್ನು ಕಂಡ ಮೇಲೂ ಬಲವಂತವಾಗಿ ನೀಟ ಮಾಡಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ನೋವಿಲ್ಲದ ಮಿತಿಯಲ್ಲಿ ಮಗುವೇ ಆಡಿಸಲಿ, ಡಾಕ್ಟರಿಗೆ ತಿಳಿಸಿ. ಫಿಲ್ಮಿನಲ್ಲಿ ತೋಳಿನ ಮೂಳೆಯ ಕೆಳತುದಿಯ ಹಿಂದೆ ಕಪ್ಪು ತ್ರಿಕೋನದಂತೆ ಕೊಬ್ಬಿನ ನೆರಳು ಕಂಡರೆ ಒಳಗೆ ರಕ್ತ ತುಂಬಿದೆ ಎಂದರ್ಥ. ಗೆರೆ ಕಾಣದಿದ್ದರೂ ಮುರಿತವಿದೆ ಎಂದೇ ನಡೆದುಕೊಳ್ಳಿ. ಇನ್ನು ಅಲ್ನಾ ಒಂದೇ ಮುರಿದು ಬಾಗಿದೆ ಎಂದು ಬಂದರೆ ಮೊಣಕೈಯಲ್ಲಿ ರೇಡಿಯಸ್ ತಲೆ ಜಾಗದಲ್ಲಿದೆಯೇ ನೋಡಲೇಬೇಕು. ರೇಡಿಯಸ್ಸಿನ ನಡುಗೆರೆ ಯಾವ ನೋಟದಲ್ಲಾದರೂ ಕ್ಯಾಪಿಟೆಲ್ಲಮ್ (ತೋಳಿನ ಮೂಳೆಯ ಕೆಳತುದಿಯ ದುಂಡು ಉಬ್ಬು) ಮೂಲಕ ಹಾಯಬೇಕು. ಮಿಲಾನಿನ ಮಾಂಟೆಜಿಯಾ ಈ ಜೋಡಿ ಗಾಯವನ್ನು ವಿವರಿಸಿದ್ದು 1814ರಲ್ಲಿ, ಡಬ್ಲಿನ್ನಿನ ಕಾಲೀಸ್ ನಿಮ್ಮ ರೋಗಿಯ ಮುರಿತವನ್ನು ವಿವರಿಸಿದ್ದೂ ಅದೇ ವರ್ಷ. ರಾಂಟ್‌ಗೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದದ್ದು 1895ರ ಡಿಸೆಂಬರಿನಲ್ಲಿ. 81 ವರ್ಷ ಮುಂಚೆಯೇ ಆ ಇಬ್ಬರೂ ಎಕ್ಸ್‌ರೇ ಇಲ್ಲದೆ ಕಂಡುಕೊಂಡಿದ್ದರು.

ಪ್ಲೇಟ್ ಹಾಕಿದ ಕೈ ಬಂದರೆ ಕ್ಯಾಲಸ್ ಹುಡುಕಬೇಡಿ. ಬಿಗಿಯಾಗಿ ಕೂಡಿಸಿದ ಮೂಳೆ ಗಂಟು ಕಟ್ಟದೆಯೇ ಕೂಡುತ್ತದೆ. ಸ್ಕ್ರೂ ಕೀಲಿನೊಳಗೆ ಇಣುಕಿದೆಯೇ, ಪಕ್ಕದ ನೋಟದಲ್ಲಿ ಪ್ಲೇಟಿನ ಅಂಚು ಮೂಳೆಯ ಅಂಚಿಗಿಂತ ಮುಂದೆ ಚಾಚಿದೆಯೇ ನೋಡಿ. ಚಾಚಿದ್ದರೆ ಹೆಬ್ಬೆರಳ ತುದಿ ಮಡಚುವ ರಜ್ಜು ಅದಕ್ಕೆ ಉಜ್ಜಿ ಸವೆಯುತ್ತದೆ. ತಂತಿ ಹಾಕಿದ್ದರೆ ಅದು ಯಾವ ಕೀಲನ್ನು ದಾಟಿದೆ ನೋಡಿ, ದಾಟಿದ ಕೀಲನ್ನು ತಂತಿ ತೆಗೆಯುವವರೆಗೆ ಬಗ್ಗಿಸಬೇಡಿ, ಉಳಿದವನ್ನು ಬಿಡಬೇಡಿ.

ಈಗ ನಿಮ್ಮ ರೋಗಿಯ ಕೈಗೇ ಬರುತ್ತೇನೆ, ಏಕೆಂದರೆ ನನಗೆ ಚಿಂತೆ ಇರುವುದು ಆ ಊದಿದ ಬೆರಳುಗಳದ್ದು. ನೋವು ಮುರಿತಕ್ಕೆ ಮೀರಿ ಇದೆಯೇ, ಚರ್ಮ ಹೊಳೆಯುತ್ತಿದೆಯೇ, ಬಣ್ಣ, ಬಿಸಿ, ಬೆವರು ಇನ್ನೊಂದು ಕೈಗಿಂತ ಬೇರೆಯೇ, ಸೆರಗು ತಗುಲಿದರೂ ಉರಿಯುತ್ತದೆಯೇ? ಇದ್ದರೆ ಅದು ಸಿಆರ್‌ಪಿಎಸ್ (ಏಟಿನ ನಂತರ ಏಟಿಗೆ ಮೀರಿದ ನೋವು, ಊತ ಉಳಿಯುವ ತೊಂದರೆ) ಆಗಿರಬಹುದು, ಬೇಗ ಡಾಕ್ಟರಿಗೆ ತೋರಿಸಬೇಕು. ಫಿಲ್ಮಿನಲ್ಲಿ ಮೂಳೆ ಅಲ್ಲಲ್ಲಿ ತೂತು ಬಿದ್ದಂತೆ ಮಸುಕಾಗಿರುವುದು ಇದಕ್ಕೆ ಪುರಾವೆಯಲ್ಲ, ಆರು ವಾರ ಸುಮ್ಮನಿದ್ದ ಯಾವ ಕೈಯೂ ಹಾಗೆ ಕಾಣುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜೋಮು ಇದೆಯೇ, ರಾತ್ರಿ ಎಚ್ಚರವಾಗುತ್ತದೆಯೇ ಎಂದೂ ಕೇಳಿ. ಆಮೇಲೆ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇರಿಸಿ ಹೆಬ್ಬೆರಳನ್ನು ಮಾತ್ರ ಮೇಲೆತ್ತಲು ಹೇಳಿ. ಜಾಗ ಬಿಟ್ಟು ಕದಲದ ಮುರಿತಗಳಲ್ಲೇ, ಫಿಲ್ಮ್ ತುಂಬಾ ಚೆನ್ನಾಗಿ ಕಾಣುವವರಲ್ಲೇ, ಕೆಲವು ವಾರಗಳ ನಂತರ ಹೆಬ್ಬೆರಳನ್ನು ಮೇಲೆತ್ತುವ ರಜ್ಜು ಸವೆದು ತುಂಡಾಗುವುದುಂಟು. ಪ್ರತಿ ಭೇಟಿಯಲ್ಲೂ ಇದನ್ನು ನೋಡಿ, ಹತ್ತು ಸೆಕೆಂಡಿನ ಕೆಲಸ.

ಕಲಿಯುವುದು ಹೇಗೆಂದು ಕೇಳಿದಿರಿ. ಬಂದ ಪ್ರತಿ ಫಿಲ್ಮಿನ ಮೇಲೆ ಪಾರದರ್ಶಕ ಹಾಳೆಯಿಟ್ಟು ಮೂಳೆಗಳ ಅಂಚನ್ನು ಪೆನ್ಸಿಲಿನಲ್ಲಿ ಎಳೆಯಿರಿ, ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಸಾಕು. ರಿಪೋರ್ಟ್ ಇದ್ದರೆ ನಿಮ್ಮ ಊಹೆ ಬರೆದ ಮೇಲೆ ತೆರೆಯಿರಿ. ಮುರಿಯದ ಕೈಗಳ ಫಿಲ್ಮುಗಳನ್ನೇ ಹೆಚ್ಚು ನೋಡಿ. ಸರಿಯಾದದ್ದು ಕಣ್ಣಿಗೆ ಒಗ್ಗದೆ ಕೆಟ್ಟದ್ದು ಕಾಣುವುದಿಲ್ಲ. ಮಕ್ಕಳಲ್ಲಿ ಇದು ಇನ್ನೂ ಮುಖ್ಯ, ಹುಟ್ಟಿದ ಮಗುವಿನ ಮಣಿಕಟ್ಟಿನಲ್ಲಿ ಚಿಕ್ಕ ಮೂಳೆಗಳೇ ಕಾಣುವುದಿಲ್ಲ, ಮೊಣಕೈಯ ಬೆಳವಣಿಗೆ ಬಿಂದುಗಳು 1ರಿಂದ 11 ವರ್ಷದವರೆಗೆ ಒಂದೊಂದಾಗಿ ಮೂಡುತ್ತವೆ, ಅವನ್ನೇ ತುಂಡು ಎಂದು ತಿಳಿಯುವವರಿದ್ದಾರೆ.

ಕಳಿಸಿದ ಡಾಕ್ಟರಿಗೆ ಫೋನ್ ಮಾಡಲು ಹಿಂಜರಿಯಬೇಡಿ. ‘ಶುರು ಮಾಡಲೇ ಸಾರ್’ ಎಂದರೆ ‘ಮಾಡಿ’ ಎಂದಷ್ಟೇ ಉತ್ತರ ಬರುತ್ತದೆ. ‘ಪಕ್ಕದ ನೋಟದಲ್ಲಿ ಕೈಬೆನ್ನಿನ ಕಡೆ 15 ಡಿಗ್ರಿ ವಾಲಿದಂತಿದೆ, ಒತ್ತಿದರೆ ಸ್ವಲ್ಪ ನೋವಿದೆ, ಸ್ವಂತ ಚಲನೆ ಶುರು ಮಾಡಿದ್ದೇನೆ, ಒತ್ತಿ ಬಗ್ಗಿಸುವುದು, ಭಾರ ಎತ್ತಿಸುವುದು ಯಾವ ವಾರದಿಂದ?’ ಎಂದು ಕೇಳಿದರೆ ಅವರೂ ಫಿಲ್ಮ್ ನೆನಪಿಸಿಕೊಂಡು ಮಾತಾಡುತ್ತಾರೆ. ಸಾಮಾನ್ಯವಾಗಿ ಎಂಟನೆಯ ವಾರದ ಆಸುಪಾಸಿನಲ್ಲಿ, ಮುರಿದ ಜಾಗ ಒತ್ತಿದರೆ ನೋಯದಿದ್ದಾಗ, ಅನುಮತಿ ಸಿಗುತ್ತದೆ. ಆ ಹೆಂಗಸಿಗೆ ಮುಂದಿನ ಸಲ ಬರುವಾಗ ಪ್ಲಾಸ್ಟರ್ ಹಾಕುವ ಮುಂಚಿನ ಫಿಲ್ಮೂ ಸೇರಿ ಮನೆಯಲ್ಲಿರುವ ಎಲ್ಲವನ್ನೂ ತರಲು ಹೇಳಿ, ತಾರೀಖಿನ ಪ್ರಕಾರ ಒಂದರ ಪಕ್ಕ ಒಂದು ಹಿಡಿದು ನೋಡಿ. ವಾರದಿಂದ ವಾರಕ್ಕೆ ಆ ಕೋನ ಜಾರುತ್ತಾ ಬಂದಿದ್ದರೆ ಮಣಿಕಟ್ಟಿನ ವ್ಯಾಯಾಮ ನಿಲ್ಲಿಸಿ, ಬೆರಳುಗಳದ್ದನ್ನು ಮುಂದುವರಿಸಿ, ಅವತ್ತೇ ವಾಪಸ್ ಕಳಿಸಿ.